ಕಿಟಕಿಯ ಎತ್ತರ, ಮನೆಯವರ ಮೈಯಳತೆ

(ತಿಪಟೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಬಿಎಂಶ್ರೀ ಹುಟ್ಟಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ತೀನಂಶ್ರೀ ಹುಟ್ಟಿದರು. ಇಂಥ ಸಾಹಿತಿಗಳು ಹುಟ್ಟಿದ ನೆಲದಲ್ಲಿ ದತ್ತಿ ಉಪನ್ಯಾಸವೆಂದರೆ ಸಾಹಿತ್ಯದ ಮಾತನ್ನೇ ಎದುರುನೋಡುವುದು ಸಹಜ. ನಾನು ಆರಿಸಿಕೊಂಡಿರುವ ವಿಷಯ ಕಿಟಕಿ. ಮನೆಯಲ್ಲಿ ಅದು ಎಲ್ಲಿರಬೇಕು, ನೆಲದಿಂದ ಎಷ್ಟೆತ್ತರಕ್ಕಿರಬೇಕು ಎಂಬುದಷ್ಟೇ. ಒಮ್ಮೆ ಗೋಡೆ ಎದ್ದರೆ ಒಂದೆರಡು ತಲೆಮಾರು ಬದಲಾಗದ ಸಂಗತಿ ಇದು. ಬಾಗಿಲಿನ ಕೆತ್ತನೆಗೆ, ನೆಲದ ಟೈಲ್ಸಿಗೆ, ದೇವರ ಮನೆಯ ಗ್ರಾನೈಟಿಗೆ ಎಷ್ಟು ಅಂಗಡಿ ಸುತ್ತುತ್ತೇವೆ! ಕಿಟಕಿಯನ್ನು ಮಾತ್ರ ಮೇಸ್ತ್ರಿಗೆ ಬಿಟ್ಟುಬಿಡುತ್ತೇವೆ. ಇದು ನನ್ನನ್ನು ಬಹಳ ಕಾಲದಿಂದ ಕೊರೆಯುತ್ತಿರುವ ಸಂಗತಿ.

ಗಾಳಿ ಬೆಳಕಿನ ತಿಳಿವಳಿಕೆ ನಮ್ಮ ಸೀಮೆಗೆ ಹೊಸದೇನಲ್ಲ. ಕೊಬ್ಬರಿ ಅಟ್ಟವನ್ನೇ ನೋಡಿ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ 8ರಿಂದ 12 ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪನ್ನು ಬಿಡಬೇಕು, ಅಲ್ಲಾಡಿಸಿದರೆ ಒಳಗೆ ಉಂಡೆ ಗಡಗಡ ಎನ್ನಬೇಕು. ನೇರ ಬಿಸಿಲು ತಾಗಿದರೆ ಕಾಯಿ ಬಿರಿಯುತ್ತದೆ. ಗಾಳಿ ಆಡದಿದ್ದರೆ ಬೂಷ್ಟು ಹಿಡಿದು ಕಮಟು ವಾಸನೆ ಬರುತ್ತದೆ. ಬೇಕಾದದ್ದು ನೆರಳು ಮತ್ತು ಗಾಳಿ, ಎರಡೂ ಒಟ್ಟಿಗೆ. ಅದಕ್ಕೇ ಅಟ್ಟದ ನೆಲವನ್ನು ಸಂದು ಬಿಟ್ಟು ಹಾಸುತ್ತಾರೆ. ಅಡಿಕೆ ದಬ್ಬೆಯೋ ಬಿದಿರೋ ರೀಪರೋ, ಕೆಳಗಿನಿಂದ ಗಾಳಿ ಏರಲೇಬೇಕು. ಗೋಡೆಯಲ್ಲಿ ಕೆಳಗಡೆ ಕಿಂಡಿ, ಮೇಲೆ ಹೆಂಚಿನ ಅಂಚಿನಲ್ಲಿ ಬಿಡುವು. ಕೆಳಗೆ ಒಳಬಂದ ಗಾಳಿ ಬೆಚ್ಚಗಾಗಿ ಮೇಲಿನಿಂದ ಹೊರಹೋಗುತ್ತದೆ. ಇದನ್ನು ಕಟ್ಟಲು ಯಾವ ರೈತನೂ ಎಂಜಿನಿಯರನ್ನು ಕರೆದಿಲ್ಲ. ಗಾಳಿ ಕೆಟ್ಟರೆ ಮಾರುಕಟ್ಟೆಯಲ್ಲಿ ದರ ಬೀಳುತ್ತದೆಂಬುದು ಅವನಿಗೆ ಗೊತ್ತು. ಅದೇ ರೈತ ಅದೇ ತೋಟದಲ್ಲಿ ಹೊಸದಾಗಿ ಕಟ್ಟಿಸಿದ ಮನೆಯೊಳಗೆ ಹೋದರೆ, ನಡುಮಧ್ಯಾಹ್ನವೂ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ, ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿರುತ್ತದೆ. ಕಾಯಿಗೆ ತೋರಿದ ಕಾಳಜಿಯನ್ನು ಮನೆಯವರಿಗೂ ತೋರಬೇಕು. ಈ ಹೊತ್ತು ನಾನು ಹೇಳಬೇಕೆಂದಿರುವುದು ಅಷ್ಟೇ.

ಈಗ ಮನೆ ಕಟ್ಟುವ ಜಾಗಕ್ಕೆ ಹೋಗೋಣ. ನೆಲಮಟ್ಟದಿಂದ 3 ಅಡಿ ಗೋಡೆ ಎದ್ದರೆ ಕಿಟಕಿಯ ಚೌಕಟ್ಟು ಕೂರುತ್ತದೆ. 7 ಅಡಿಗೆ ಲಿಂಟಲ್. ಮಧ್ಯೆ ಉಳಿದ 4 ಅಡಿ ಎತ್ತರ, 4 ಅಡಿ ಅಗಲವೇ ಕಿಟಕಿ. ಹಜಾರಕ್ಕೂ ಅದೇ, ಮಲಗುವ ಕೋಣೆಗೂ ಅದೇ, ಅಜ್ಜಿಯ ಕೋಣೆಗೂ ಅದೇ. ಬಾಗಿಲ ತಲೆ, ಕಿಟಕಿ ತಲೆ ಒಂದೇ ಮಟ್ಟಕ್ಕೆ ಬಂದರೆ ಸೆಂಟ್ರಿಂಗ್ ಸಲೀಸು, ಕಬ್ಬಿಣ ಒಂದೇ ಸುತ್ತು. ಕೆಲಸದ ಅನುಕೂಲಕ್ಕೆ ಹುಟ್ಟಿದ ಈ ಅಳತೆ ಬರಬರುತ್ತಾ ಶಾಸ್ತ್ರವೇ ಆಗಿಬಿಟ್ಟಿದೆ. ಮೇಸ್ತ್ರಿಯನ್ನು ದೂರುವಂತಿಲ್ಲ. ಬೇರೆ ಅಳತೆಯನ್ನು ಅವರಿಗೆ ಯಾರೂ ಕೊಟ್ಟಿಲ್ಲ.

ಕಿಟಕಿ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಲೆಕ್ಕವಿದೆ. ಒಣ ಬಿಸಿ ಹವೆಯ ಊರಿನಲ್ಲಿ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗ, ಒದ್ದೆ ಬಿಸಿ ಹವೆಯಲ್ಲಿ ಆರನೇ ಒಂದು, ಇವೆರಡರ ನಡುವಿನ ಹವೆಯಲ್ಲಿ ಎಂಟನೇ ಒಂದು. ನಮ್ಮದು ಸಿರಗುಪ್ಪದ ಬೇಗೆಯೂ ಅಲ್ಲ, ಕರಾವಳಿಯ ಬೆವರೂ ಅಲ್ಲ. ಎಂಟನೇ ಒಂದು ಎಂದೇ ಹಿಡಿಯೋಣ. 10 ಅಡಿಗೆ 12 ಅಡಿಯ ಕೋಣೆಯೆಂದರೆ 120 ಚದರಡಿ. ಅದಕ್ಕೆ ಬೇಕಾದದ್ದು 15 ಚದರಡಿ ಕಿಟಕಿ. ನಾಲ್ಕಡಿ ಚೌಕದ ಒಂದು ಕಿಟಕಿ 16 ಚದರಡಿ ಕೊಡುತ್ತದೆ. ಕಾಗದದ ಮೇಲೆ ನಮ್ಮ ಮನೆಗಳು ಪಾಸು! ಆದರೆ ಲೆಕ್ಕಕ್ಕೆ ಬರುವುದು ತೆರೆದುಕೊಳ್ಳುವ ಭಾಗ ಮಾತ್ರ. ಈಗ ಎಲ್ಲ ಕಡೆ ಹಾಕಿಸುತ್ತಿರುವ ಅಲ್ಯೂಮಿನಿಯಂ, ಯುಪಿವಿಸಿ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ಸರಿಯುತ್ತದೆ. ಎಷ್ಟೇ ತೆರೆದರೂ ಅರ್ಧ ಮುಚ್ಚಿಯೇ ಇರುತ್ತದೆ. 16 ಚದರಡಿಯಲ್ಲಿ 8 ಉಳಿಯಿತು. ಅದಕ್ಕೆ ಸೊಳ್ಳೆ ಪರದೆ ಹಾಕಿದ ಮೇಲೆ ಒಳಕ್ಕೆ ಬರುವ ಗಾಳಿ ಎಷ್ಟೆಂದು ನೀವೇ ಊಹಿಸಿಕೊಳ್ಳಿ. ಹೊರಕ್ಕೆ ತೆರೆಯುವ ಕದದ ಕಿಟಕಿ ಪೂರ್ತಿ ತೆರೆಯುತ್ತದೆ. ಬಡಗಿ ಮಾಡಿಕೊಡುವ ಆ ಹಳೆಯ ಕಿಟಕಿಯೇ ಗಾಳಿಯ ಲೆಕ್ಕದಲ್ಲಿ ಮೇಲು.

ಗಾತ್ರದ ಮಾತು ಇಷ್ಟು ಸಾಕು. ಎತ್ತರದ ಮಾತು ಇದಕ್ಕಿಂತ ಮುಖ್ಯ.

ಅದೇ ಸಂಹಿತೆ, ಮೈಗೆ ಗಾಳಿ ತಾಗಬೇಕಾದರೆ ಕಿಟಕಿಯ ಕೆಳಗಿನ ಅಂಚು ಎಷ್ಟು ಎತ್ತರದಲ್ಲಿರಬೇಕೆಂದು ಹೇಳುತ್ತದೆ. ಕುರ್ಚಿಯ ಮೇಲೆ ಕೂರುವವರಿಗೆ 75 ಸೆಂಟಿಮೀಟರ್, ಅಂದರೆ ಎರಡೂವರೆ ಅಡಿ. ಮಂಚದ ಮೇಲೆ ಇರುವವರಿಗೆ 60, ಎರಡು ಅಡಿ. ನೆಲದ ಮೇಲೆ ಕೂರುವವರಿಗೆ 40, ಹೆಚ್ಚುಕಡಿಮೆ ಒಂದಡಿ ನಾಲ್ಕಂಗುಲ. 3 ಅಡಿ ಎಂಬುದು ಈ ಮೂರರಲ್ಲಿ ಎಲ್ಲೂ ಇಲ್ಲ. 3 ಅಡಿಯ ಕಿಟಕಿಯಿಂದ ಗಾಳಿ ಹಿತವಾಗಿ ತಾಗುವುದು ನಿಂತವರಿಗೆ. ಮನೆಯೊಳಗೆ ನಾವು ದಿನಕ್ಕೆ ಎಷ್ಟು ಹೊತ್ತು ನಿಂತಿರುತ್ತೇವೆ? ನಮ್ಮ ಕಡೆ ಇವತ್ತಿಗೂ ನಡುಮನೆಯಲ್ಲಿ ಚಾಪೆ ಹಾಸಿ ಊಟಕ್ಕೆ ಕೂರುತ್ತಾರೆ, ಹೂ ಕಟ್ಟುತ್ತಾರೆ, ಅವರೆಕಾಯಿ ಸುಲಿಯುತ್ತಾರೆ, ಮಕ್ಕಳು ನೆಲದಲ್ಲೇ ಕೂತು ಓದುತ್ತಾರೆ. ಕಿಟಕಿಯಿಂದ ಬಂದ ಗಾಳಿ ಇವರೆಲ್ಲರ ತಲೆಯ ಮೇಲೆ ಹಾದು ಎದುರಿನ ಬಾಗಿಲಿಂದ ಹೊರಟುಹೋಗುತ್ತದೆ.

ತುರುವೇಕೆರೆ ಕಡೆಯ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಮನೆಯ ಹಿರಿಯಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು, ಮಲಗಿದಲ್ಲೇ ಎಲ್ಲ. ಮಂಚ ಒಂದೂವರೆ ಅಡಿ, ಹಾಸಿಗೆ ನಾಲ್ಕಂಗುಲ. ದಿಂಬಿಗೆ ಒರಗಿದರೂ ಅವರ ಕಣ್ಣು ಮೂರಡಿ ಮುಟ್ಟುತ್ತಿರಲಿಲ್ಲ. ಮಗ ಖರ್ಚಿಗೆ ಹಿಂದೆಮುಂದೆ ನೋಡದೆ ಕಟ್ಟಿಸಿದ ಮನೆ. ಕಿಟಕಿಗೆ ತೇಗದ ಚೌಕಟ್ಟು, ಒಳ್ಳೆಯ ಗ್ರಿಲ್. ಹಾಸಿಗೆಯಿಂದ ಅವರಿಗೆ ಕಾಣುತ್ತಿದ್ದದ್ದು ಗ್ರಿಲ್ಲಿನ ಮೇಲರ್ಧ, ಸಜ್ಜದ ತಳ, ಒಂದು ತುಂಡು ಆಕಾಶ. ಅಂಗಳದಲ್ಲಿ ಕಾಯಿ ಸುಲಿಯುವವರು ಮಾತಾಡುವುದು ಕೇಳುತ್ತಿತ್ತು, ಯಾರೆಂದು ಕಾಣುತ್ತಿರಲಿಲ್ಲ. "ಯಾರ್ ಬಂದ್ರು ನೋಡವ್ವ" ಎಂದು ಸೊಸೆಯನ್ನು ಗಳಿಗೆಗೊಮ್ಮೆ ಕೇಳುವರು. ಆ ಕಿಟಕಿ ಒಂದಡಿ ಕೆಳಗಿದ್ದಿದ್ದರೆ ಆ ತಾಯಿಗೆ ಅಂಗಳ, ದನದ ಕೊಟ್ಟಿಗೆ, ಗೇಟು ಎಲ್ಲ ಕಾಣುತ್ತಿತ್ತು. ಒಂದಡಿ ಇಳಿಸಿದ್ದರೆ ಅಷ್ಟು ಗೋಡೆಯ ಇಟ್ಟಿಗೆ ಉಳಿತಾಯವೇ ಆಗುತ್ತಿತ್ತು. ನಾವೆಲ್ಲರೂ ಒಂದು ದಿನ ಮಲಗುವವರೇ. ಮನೆಯಲ್ಲಿ ಒಂದು ಕೋಣೆಯ ಕಿಟಕಿಯಾದರೂ ಎರಡಡಿಗೆ ಇರಲಿ ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ.

ಕಿಟಕಿ ಕೆಳಗಿಳಿಸಿ ಎಂದ ಕೂಡಲೇ ಆಕ್ಷೇಪಗಳು ಏಳುತ್ತವೆ. ಕಳ್ಳರ ಭಯ, ಹಾವಿನ ಭಯ, ಮಗು ಹತ್ತೀತೆಂಬ ಭಯ, ದಾರಿಹೋಕರ ಕಣ್ಣು. ಒಂದೂ ಸುಳ್ಳಲ್ಲ. ಇವಕ್ಕೆಲ್ಲ ನಮ್ಮ ಹಳೆಯ ತೊಟ್ಟಿಮನೆಗಳ ಬಡಗಿಗಳು ಉತ್ತರ ಕಂಡುಕೊಂಡಿದ್ದರು. ಪಡಸಾಲೆಯ ಕಿಟಕಿ ಕೆಳಮಟ್ಟದಿಂದಲೇ ಶುರು, ನಡುವೆ ಅಡ್ಡಪಟ್ಟಿ, ಕದ ನಾಲ್ಕು: ಮೇಲೆ ಎರಡು, ಕೆಳಗೆ ಎರಡು. ಹೊರಗಿನವರು ಬಂದರೆ ಕೆಳಗಿನ ಜೋಡಿ ಮುಚ್ಚಿ ಮೇಲಿನದು ತೆರೆಯುವುದು. ಬೆಳಕು ಒಳಗೆ, ಮರೆಯೂ ಉಂಟು. ಸಂಜೆ ಚಾಪೆ ಹಾಕಿ ಕೂತಾಗ ಕೆಳಗಿನ ಜೋಡಿ ತೆರೆಯುವುದು. ಸರಳುಗಳು ಒತ್ತಾಗಿ, ನೇರವಾಗಿ ನಿಂತಿರುತ್ತಿದ್ದವು. ಮಗು ಕಾಲಿಟ್ಟು ಹತ್ತಲು ಅಡ್ಡಕಂಬಿ ಇರುತ್ತಿರಲಿಲ್ಲ. ಈಗಿನ ಹೂಬಳ್ಳಿ ಗ್ರಿಲ್ಲು ಮಗುವಿಗೆ ಮೆಟ್ಟಿಲು ಕಟ್ಟಿಕೊಟ್ಟ ಹಾಗೆ. ಮಹಡಿಯ ಮೇಲಿನ ತಗ್ಗು ಕಿಟಕಿಗೆ ನೇರ ಸರಳು ಬಿಟ್ಟು ಬೇರೆ ಏನನ್ನೂ ಹಾಕಿಸಬೇಡಿ. ಹಾವಿಗೆ ಕೆಳಗಿನ ಕದದ ಒಳಗೆ ಜಾಲರಿ ಸಾಕು. ನಾಲ್ಕು ಕದದ ಕಿಟಕಿ ಮಾಡುವ ಕೈಗಳು ಇನ್ನೂ ನಮ್ಮೂರುಗಳಲ್ಲಿವೆ, ಕೇಳುವವರು ಬೇಕು.

ಕಿಟಕಿಯ ತಲೆಯ ಎತ್ತರಕ್ಕೆ ಬರುತ್ತೇನೆ. ಗಾಳಿಗೆ ಕೆಳಗಿನ ಅಂಚು ಮುಖ್ಯವಾದರೆ ಬೆಳಕಿಗೆ ಮೇಲಿನ ಅಂಚು. ಕಿಟಕಿಯ ತಲೆ ಎಷ್ಟು ಎತ್ತರದಲ್ಲಿದೆಯೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಓದುವಷ್ಟು ಬೆಳಕು ಹೋಗುತ್ತದೆ ಎಂಬುದು ಕಟ್ಟಡದವರು ನೆಚ್ಚುವ ಅಂದಾಜು. 7 ಅಡಿಗೆ ತಲೆ ಇದ್ದರೆ 14ರಿಂದ ಹದಿನೇಳೂವರೆ ಅಡಿ. ಹಜಾರ ಅದಕ್ಕಿಂತ ಆಳವಿದ್ದರೆ ಹಿಂದಿನ ಗೋಡೆ ಕತ್ತಲೆ. ಅಲ್ಲಿ ಕಿಟಕಿಯನ್ನು ಅಗಲ ಮಾಡಿ ಫಲವಿಲ್ಲ, ಎತ್ತರ ಮಾಡಬೇಕು. ಇನ್ನು, 7 ಅಡಿಯ ಲಿಂಟಲ್ಲಿಗೂ 10 ಅಡಿಯ ತಾರಸಿಗೂ ನಡುವೆ ಮೂರಡಿ ಬಿಸಿಗಾಳಿ ಸಿಕ್ಕಿಕೊಂಡಿರುತ್ತದೆ. ಏಪ್ರಿಲಿನಲ್ಲಿ ಕಾದ ತಾರಸಿಯ ಶಾಖವೆಲ್ಲ ಅಲ್ಲೇ ನಿಲ್ಲುತ್ತದೆ, ಫ್ಯಾನು ಅದನ್ನು ನಮ್ಮ ಮೇಲೆ ಇಳಿಸುತ್ತದೆ. ಹಿಂದೆ ಮಾಳಿಗೆ ಮನೆಗೆ ಗವಾಕ್ಷಿ ಇತ್ತು, ಹೆಂಚಿನ ಮನೆಗೆ ಬೆಳಕಿಂಡಿ ಇತ್ತು, ಮೊದಮೊದಲ ಆರ್‌ಸಿಸಿ ಮನೆಗಳಿಗೆ ಸೂರಿನ ಕೆಳಗೆ ವೆಂಟಿಲೇಟರ್ ಇತ್ತು. ಧೂಳು, ಜೇಡ, ಪಾರಿವಾಳ ಎಂದು ಅದನ್ನೂ ಕೈಬಿಟ್ಟೆವು. ದಯವಿಟ್ಟು ವಾಪಸು ತನ್ನಿ. ಜಾಲರಿ ಹಾಕಿ, ಆದರೆ ಮುಚ್ಚಬೇಡಿ.

ಒಂದೇ ಕಿಟಕಿಯಿಂದ ಗಾಳಿ ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಹೊರಹೋಗಲು ದಾರಿಯಿಲ್ಲದ ಗಾಳಿ ಒಳಗೆ ಬಾರದು. ಒಳಬರುವ ಮತ್ತು ಹೊರಹೋಗುವ ಕಿಟಕಿಗಳೆಲ್ಲ ಸೇರಿ ನೆಲದ ವಿಸ್ತೀರ್ಣದ ಶೇಕಡ 20ರಿಂದ 30 ಇದ್ದರೂ ಕೋಣೆಯೊಳಗಿನ ಗಾಳಿಯ ವೇಗ ಹೊರಗಿನದರ ಸುಮಾರು ಶೇಕಡ 30. ಎಷ್ಟೇ ದೊಡ್ಡದು ಮಾಡಿದರೂ 40 ದಾಟುವುದಿಲ್ಲ. ಹಾಗಾಗಿ ಕಿಟಕಿ ದೊಡ್ಡದು ಮಾಡುವುದಕ್ಕಿಂತ ಎದುರುಬದುರು ಮಾಡುವುದು ಲಾಭ. ಗಾಳಿ ಬರುವ ಕಡೆ ತಗ್ಗಿನಲ್ಲಿ, ಹೋಗುವ ಕಡೆ ಎತ್ತರದಲ್ಲಿ. ತಿಪಟೂರಿನ 30-40ರ ನಿವೇಶನಗಳಲ್ಲಿ ಎರಡೂ ಪಕ್ಕ ಬೇರೆ ಮನೆ, ಮಧ್ಯೆ ಮೂರಡಿ ಸಂದಿ. ಅಲ್ಲಿ ಎದುರುಬದುರು ಕಿಟಕಿ ಎಂದರೆ ಪಕ್ಕದ ಮನೆಯ ಒಗ್ಗರಣೆ. ಅಂಥ ಕಡೆ ಮೆಟ್ಟಿಲ ಗೂಡನ್ನೇ ಬಳಸಿಕೊಳ್ಳಿ. ತಾರಸಿಯ ಮೇಲಿನ ಹೆಡ್‌ರೂಮಿನ ಗೋಡೆಗೆ ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಮನೆಮನೆಗೆ ಕಟ್ಟಿಕೊಟ್ಟ ಇಟ್ಟಿಗೆ ಜಾಲಿ ಇಟ್ಟರೆ, ಮನೆಯ ಬಿಸಿಗಾಳಿಯೆಲ್ಲ ಮೆಟ್ಟಿಲು ಹತ್ತಿ ಅಲ್ಲಿಂದ ಹೋಗುತ್ತದೆ. ತೊಟ್ಟಿಮನೆಯ ನಡುವಿನ ತೊಟ್ಟಿ ಮಾಡುತ್ತಿದ್ದ ಕೆಲಸವೂ ಅದೇ.

ದಿಕ್ಕಿನ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ದಕ್ಷಿಣಕ್ಕೆ ಕಿಟಕಿ ಬೇಡವೆಂದು ವಾಸ್ತುವಿನ ಹೆಸರಿನಲ್ಲಿ ಗೋಡೆ ಮುಚ್ಚಿಸಿದ ಮನೆಗಳು ಈ ಮೂರು ತಾಲ್ಲೂಕಿನಲ್ಲಿ ಎಷ್ಟೋ ಇವೆ. ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಅಡುಗೆಮನೆ ಆಗ್ನೇಯದಲ್ಲಿರಲಿ ಎಂಬ ಮಾತು ನೈಋತ್ಯದಿಂದ ಮಳೆಗಾಳಿ ಬೀಸುವ ಸೀಮೆಗೆ ಒಪ್ಪುವಂಥದ್ದೇ, ಹೊಗೆ ಮನೆಯೊಳಗೆ ತಿರುಗದೆ ಮೂಡಲಿಗೆ ಹೋಗುತ್ತದೆ. ಆದರೆ ತೆಂಕಣ ಕಿಟಕಿಯ ಬಗ್ಗೆ ಸೂರ್ಯ ಬೇರೆಯೇ ಹೇಳುತ್ತಾನೆ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶ ದಾಟಿ ಸ್ವಲ್ಪ. ದಕ್ಷಿಣದ ಕಿಟಕಿಯ ತಲೆಗೆ 2 ಅಡಿ ಸಜ್ಜ ಹಾಕಿದರೆ ಮಾರ್ಚ್ ತಿಂಗಳ ನಡುಹಗಲಿನಲ್ಲಿ ಅದರ ನೆರಳು 8 ಅಡಿ ಕೆಳಗೆ ಇಳಿಯುತ್ತದೆ, ಇಡೀ ಕಿಟಕಿ ನೆರಳಲ್ಲಿ. ಡಿಸೆಂಬರಿನಲ್ಲಿ ಸೂರ್ಯ ತೆಂಕಣಕ್ಕೆ ವಾಲಿದಾಗ ನೆರಳು 2 ಅಡಿ 8 ಅಂಗುಲ. ನಾಲ್ಕಡಿ ಕಿಟಕಿಯ ಕೆಳಭಾಗದಲ್ಲಿ ಒಂದಡಿ ನಾಲ್ಕಂಗುಲ ಮಾತ್ರ ಬಿಸಿಲು ಒಳಬರುತ್ತದೆ, ಅದೂ ಬಿಸಿಲು ಬೇಕೆನಿಸುವ ಧನುರ್ಮಾಸದಲ್ಲಿ. ಇದಕ್ಕಿಂತ ಸಾಧು ಕಿಟಕಿ ಇನ್ನೊಂದಿಲ್ಲ. ನೈಋತ್ಯದ ಗಾಳಿಗೂ ಅದೇ ಹೆಬ್ಬಾಗಿಲು. ಉತ್ತರಕ್ಕೆ ಬಿಸಿಲೇ ಬೀಳದೆಂಬ ಮಾತೂ ಪೂರ್ತಿ ನಿಜವಲ್ಲ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಅಲ್ಲಿ ಚಿಕ್ಕ ಸಜ್ಜ ಸಾಕು.

ಕಷ್ಟದ ಕಿಟಕಿ ಪಡುವಣದ್ದು. ಮಾರ್ಚ್ ತಿಂಗಳ ಸಂಜೆ ನಾಲ್ಕೂವರೆಗೆ ಸೂರ್ಯ ದಿಗಂತದಿಂದ 29 ಡಿಗ್ರಿ ಮೇಲಿರುತ್ತಾನೆ. ಆಗ ಅದೇ 2 ಅಡಿ ಸಜ್ಜದ ನೆರಳು ಒಂದಡಿ ಚಿಲ್ಲರೆ. ಉಳಿದ ಮೂರಡಿ ಕಿಟಕಿಯಿಂದ ಬಿಸಿಲು ನೇರ ಮಂಚದ ಮೇಲೆ. ಗಾಜು ಮುಚ್ಚಿದರೂ ಶಾಖ ನಿಲ್ಲದು. ಹಾಗೆಂದು ಪಡುವಣವನ್ನು ಪೂರ್ತಿ ಮುಚ್ಚಿದರೆ ಆಷಾಢದ ಗಾಳಿಯನ್ನೂ ಕಳೆದುಕೊಳ್ಳುತ್ತೇವೆ. ಬಿಸಿಲು ಬರುವುದು ಫಾಲ್ಗುಣ ಚೈತ್ರದಲ್ಲಿ, ಗಾಳಿ ಬರುವುದು ಮೋಡ ಮುಸುಕಿದ ಆಷಾಢದಲ್ಲಿ. ಒಂದನ್ನು ತಡೆದು ಇನ್ನೊಂದನ್ನು ಬಿಟ್ಟುಕೊಳ್ಳಬೇಕಾದರೆ ಗಾಜಿಲ್ಲದ ಮರದ ಕದವೇ ಸರಿ, ಕಿಟಕಿ ಕಿರಿದಾಗಿ ಉದ್ದವಾಗಿರಲಿ. ಪಡುವಣಕ್ಕೆ ಒಂದು ಜಗಲಿ ಇಳಿಸಿದರಂತೂ ಚಿಂತೆಯೇ ಇಲ್ಲ.

ತೋಟದ ಮನೆಯವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು, ಇದು ಬೇರೆ ಸೀಮೆಯ ಯಾವ ಪುಸ್ತಕವೂ ನಮಗಾಗಿ ಬರೆದಿಟ್ಟದ್ದಲ್ಲ. ಸುತ್ತ ತೆಂಗಿದೆ, ನೆರಳಿದೆ, ಬಿಸಿಲಿನ ಚಿಂತೆಯಿಲ್ಲ ಎಂದುಕೊಳ್ಳುತ್ತೇವೆ. ಆದರೆ 50 ಅಡಿ ಎತ್ತರದ ಮರದ ಸುಳಿಯ ನೆರಳು ಮಾರ್ಚ್‌ನ ಸಂಜೆ ನಾಲ್ಕೂವರೆಗೆ ಬೀಳುವುದು ಮರದ ಬುಡದಿಂದ ಸುಮಾರು 90 ಅಡಿ ಆಚೆ. 30 ಅಡಿಗೊಂದು ಸಾಲಿನ ತೋಟದಲ್ಲಿ ಅದು ಮೂರನೇ ಸಾಲು. ಮನೆಯ ಪಡುವಣಕ್ಕೆ ಒಂದೆರಡು ಸಾಲಷ್ಟೇ ಇದ್ದರೆ ಬಿಸಿಲು ಸುಳಿಯ ಕೆಳಗೆ, ಬೊಡ್ಡೆಗಳ ನಡುವೆ ನುಸುಳಿ ಗೋಡೆಗೇ ಬಡಿಯುತ್ತದೆ. ಅಲ್ಲಿ ನೆರಳು ಕೊಡುವುದು ನುಗ್ಗೆ, ಕರಿಬೇವು, ಬಾಳೆಯಂಥ ಗಿಡ್ಡ ಮರಗಳು.

ಬೆಳಕು ಕೂಡ ತೋಟದ ವಯಸ್ಸಿನ ಜೊತೆ ಬದಲಾಗುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಅಂತರಬೆಳೆಗಾಗಿ ಇದನ್ನು ಅಳೆದಿದ್ದಾರೆ. ಸಸಿ ನೆಟ್ಟು ಎಂಟು ವರ್ಷದವರೆಗೆ ನೆಲಕ್ಕೆ ಬೆಳಕು ಧಾರಾಳ, ವರ್ಷವರ್ಷ ಇಳಿಯುತ್ತಾ ಬರುತ್ತದೆ. 8ರಿಂದ 25 ವರ್ಷದ ತೋಟದಲ್ಲಿ ಕೆಳಗೆ ಇಳಿಯುವುದು ಐದನೇ ಒಂದು ಭಾಗದಷ್ಟೇ. ಆಮೇಲೆ ಮರ ಎತ್ತರಕ್ಕೆ ಹೋಗಿ ಮತ್ತೆ ಬೆಳಕು ಹೆಚ್ಚುತ್ತದೆ. ಬಾಳೆ, ಕೋಕೋ ಹಾಕಲು ನಾವು ಈ ಲೆಕ್ಕ ನೋಡುತ್ತೇವೆ, ಮನೆ ಕಟ್ಟಲೂ ನೋಡಬೇಕು. ಹದಿನೈದು ವರ್ಷದ ತೋಟದ ನಡುವೆ ಕಟ್ಟುವ ಮನೆಗೆ ಎಂಟನೇ ಒಂದು ಭಾಗದ ಕಿಟಕಿ ಸಾಲದು; ಸೂರಿನಲ್ಲಿ ಗಾಜಿನ ಹೆಂಚೋ ಬೆಳಕಿಂಡಿಯೋ ಬೇಕೇ ಬೇಕು. ಗಾಳಿಯೂ ಹಾಗೆಯೇ. ಎಳೆ ತೆಂಗಿನ ಗರಿ ನೆಲ ಮುಟ್ಟುವ ವರ್ಷಗಳಲ್ಲಿ ಕಿಟಕಿ ಮಟ್ಟದ ಗಾಳಿ ಅಲ್ಲೇ ತಡೆದು ನಿಲ್ಲುತ್ತದೆ. ತಿಪಟೂರು ಟಾಲ್ ತಳಿಯ ತೆಂಗು ಬೊಡ್ಡೆ ಬಿಟ್ಟು ಮೇಲೇರಿದ ಮೇಲೆ ಬುಡಗಳ ನಡುವೆ, ತಗ್ಗಿನಲ್ಲಿ ಗಾಳಿ ಹರಿಯುತ್ತದೆ. ತೋಟದ ಮನೆಗೆ ತಗ್ಗು ಕಿಟಕಿ ಬೇಕೆನ್ನಲು ಇದು ಇನ್ನೊಂದು ಕಾರಣ.

ಅಡುಗೆಮನೆಯ ಬಗ್ಗೆ ನಾಲ್ಕು ಮಾತು. ಸಂಹಿತೆ ಇಲ್ಲಿ ಕಿಟಕಿಯನ್ನು ಕಾಲು ಭಾಗ ಹೆಚ್ಚಿಸಲು ಹೇಳುತ್ತದೆ: 80 ಚದರಡಿಯ ಅಡುಗೆಮನೆಗೆ ಹನ್ನೆರಡೂವರೆ ಚದರಡಿ. ನಾವು ಇಡುವುದು ಮೂರಡಿ ಚೌಕದ ಕಿಟಕಿ, ಒಂಬತ್ತು. ಕಟ್ಟೆಯ ಎತ್ತರದಿಂದಾಗಿ ಇಲ್ಲಿ ಮೂರೂವರೆ ಅಡಿಗೆ ಕಿಟಕಿ ಶುರುವಾಗುವುದು ಸರಿಯೇ, ಆದರೆ ಒಲೆಯ ನೇರಕ್ಕೆ ಬೇಡ. ಗಾಳಿಗೆ ಉರಿ ಓಲಾಡುತ್ತದೆ, ಕೆಲವೊಮ್ಮೆ ಆರುತ್ತದೆ. ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ಕಿಟಕಿ ಇರಲಿ, ಒಲೆಯ ಮೇಲೆ ಸೂರಿನ ಹತ್ತಿರ ಹೊಗೆ ಹೋಗಲು ದಾರಿ ಇರಲಿ. ಮಟ್ಟೆ, ಸೋಗೆ ಉರಿಸುವ ಹಂಡೆ ಒಲೆಯ ಬಚ್ಚಲಿಗಂತೂ ಅದು ಕಡ್ಡಾಯ. ಮತ್ತೊಂದು: ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ, ಮೂರೂವರೆ ಅಡಿಯ ಕಿಟಕಿ ತೆರೆದಿದ್ದರೂ ಅದು ಹೋಗುವುದಿಲ್ಲ. ಹೊರಗೋಡೆಯ ಬುಡದಲ್ಲಿ, ನೆಲಕ್ಕೆ ಹತ್ತಿರ, ಜಾಲರಿ ಹಾಕಿದ ಒಂದು ಕಿಂಡಿಯನ್ನು ಎಲ್ಲರೂ ಬಿಡಿಸಿಕೊಳ್ಳಬೇಕು. ನಮ್ಮ ಮನೆಗಳಲ್ಲಿ ನಾನು ಅತಿ ಕಡಿಮೆ ಕಂಡಿರುವುದು ಇದನ್ನೇ.

ಇಷ್ಟು ಕೇಳಿದ ನಿಮ್ಮಲ್ಲಿ ಒಂದು ಬೇಡಿಕೆ. ಮುಂದೆ ನಿಮ್ಮದೋ ಮಕ್ಕಳದೋ ಮನೆಯ ಗೋಡೆ ಒಂದಡಿ ಎದ್ದ ದಿನ, ಕಿಟಕಿಯ ಮಟ್ಟ ಇನ್ನೂ ನಿರ್ಧಾರವಾಗದಿರುವಾಗ, ಮೇಸ್ತ್ರಿಯವರಿಗೆ ಹೇಳಿ ಅರ್ಧ ದಿನ ಕೆಲಸ ನಿಲ್ಲಿಸಿ. ಮನೆಯ ಹೆಂಗಸರನ್ನು, ವಯಸ್ಸಾದವರನ್ನು, ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಒಂದು ಚಾಪೆ, ಒಂದು ಕುರ್ಚಿ, ಒಂದು ಮಂಚ ಒಯ್ಯಿರಿ. ಪ್ರತಿ ಕೋಣೆಯಲ್ಲೂ ಅವರು ಇರುವ ಹಾಗೆ ಕೂರಿಸಿ, ಮಲಗಿಸಿ, ಅವರ ಕಣ್ಣಿನ ಮಟ್ಟವನ್ನು ಒಂದು ಕೋಲಿನ ಮೇಲೆ ಗುರುತು ಮಾಡಿ, ಆ ಕೋಲನ್ನು ಮೇಸ್ತ್ರಿಯವರ ಕೈಗೆ ಕೊಡಿ. ಕೋಣೆಗೊಂದು ಅಳತೆ ಬಂದರೆ ಬರಲಿ. ಲಿಂಟಲ್ ಎರಡು ಮಟ್ಟಕ್ಕೆ ಹೋದರೆ ಹೋಗಲಿ, ಆ ಹೆಚ್ಚುವರಿ ಕಬ್ಬಿಣದ ಖರ್ಚು ಗೃಹಪ್ರವೇಶದ ಶಾಮಿಯಾನಕ್ಕಿಂತ ಹೆಚ್ಚಾಗುವುದಿಲ್ಲ.